ಒಂದೇ ಬ್ಯಾಚಿಗೆ ಎರಡು ವಿಸ್ಕಾಸಿಟಿ ಯಾಕೆ ಬರುತ್ತೆ?

ಹೊಸೂರಿನ ಒಂದು ಔಷಧ ಕಾರ್ಖಾನೆಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ, ಲ್ಯಾಬಿನಲ್ಲಿ ನನ್ನ ಕೆಲಸ. ವಿಸ್ಕಾಸಿಟಿ, ಅಂದರೆ ದ್ರವ ಎಷ್ಟು ಮಂದ ಅನ್ನುವುದನ್ನು ಅಳೆಯುವುದೂ ಅದರಲ್ಲೊಂದು. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಸ್ಪೆನ್ಷನ್, ಎದೆಯುರಿಗೆ ಕುಡಿಯುವ ಆಂಟಾಸಿಡ್, ಇಂಥವೇ ನನ್ನ ಟೇಬಲ್ಲಿಗೆ ಜಾಸ್ತಿ ಬರುವುದು. ಇವುಗಳಲ್ಲಿ ಔಷಧ ಕರಗಿರುವುದಿಲ್ಲ, ನುಣ್ಣನೆ ಪುಡಿಯಾಗಿ ತೇಲುತ್ತಿರುತ್ತದೆ. ದ್ರವ ತೆಳುವಾದರೆ ಪುಡಿ ಬೇಗ ತಳ ಸೇರುತ್ತದೆ. ಆಮೇಲೆ ಬಾಟಲಿ ಸರಿಯಾಗಿ ಕುಲುಕದಿದ್ದರೆ ಮೊದಲ ಚಮಚದಲ್ಲಿ ಔಷಧ ಕಮ್ಮಿ, ಕೊನೆಯದರಲ್ಲಿ ಜಾಸ್ತಿ. ಕುಡಿಯುವುದು ಪುಟ್ಟ ಮಗು ಅಲ್ವಾ? ಅದಕ್ಕೇ ವಿಸ್ಕಾಸಿಟಿ ಅಳತೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ.

ಪ್ರೊಡಕ್ಷನ್ ಕಡೆಯಿಂದ ಬರುವ ಪ್ರಶ್ನೆ ಯಾವಾಗಲೂ ಒಂದೇ. ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯ ಸೂಪರ್‌ವೈಸರ್ ಒಬ್ಬರಿದ್ದಾರೆ, ನಾವಿಬ್ಬರೂ ಕನ್ನಡದಲ್ಲೇ ಮಾತಾಡುವುದು. "ಮೇಡಂ, ಟ್ಯಾಂಕಿನಲ್ಲಿ 900 ಇತ್ತು. ನಿಮ್ಮಲ್ಲಿ 1400 ಹೆಂಗೆ ಬಂತು?" ಅಂತಾರೆ. ಈ ಸಂಖ್ಯೆಗಳು ವಿಸ್ಕಾಸಿಟಿಯ ಮಾನವಾದ ಸೆಂಟಿಪಾಯ್ಸ್‌ನಲ್ಲಿ. ಅವರ ಅಳತೆಯೂ ಸರಿ, ನನ್ನದೂ ಸರಿ. ದ್ರವವನ್ನು ಮಂದ ಮಾಡುವ ಕ್ಸಾಂಥನ್ ಗಮ್ ಹಾಕಿದ ಸಸ್ಪೆನ್ಷನ್ ಕಲಕಿದಷ್ಟೂ ತೆಳುವಾಗುತ್ತದೆ, ಸುಮ್ನೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಅವರು ತೆಗೆದದ್ದು ಸ್ಟರರ್ ತಿರುಗುತ್ತಿದ್ದ ಟ್ಯಾಂಕಿನಿಂದ. ನಾನು ಅಳೆದದ್ದು ರಾತ್ರಿಯಿಡೀ ಅಲುಗದೆ ನಿಂತ ಬಾಟಲಿ. ಸಾಲದ್ದಕ್ಕೆ ಗಮ್ ಪೂರ್ತಿ ನೀರು ಹೀರಿ ಉಬ್ಬುವುದಕ್ಕೂ ಹೊತ್ತು ಬೇಕು.

ಹಾಗಾಗಿ ಸ್ಯಾಂಪಲ್ಲಿಗೆ ಏನೇನು ಮಾಡುತ್ತೇವೆ ಅನ್ನುವುದನ್ನೇ ಮೊದಲು ಗಟ್ಟಿ ಮಾಡಿಕೊಂಡೆ. ಬ್ಯಾಚ್ ಮುಗಿದು 24 ಗಂಟೆ ಆದ ಮೇಲೇ ಅಳತೆ. ಬಾಟಲಿಯನ್ನು ಜೋರಾಗಿ ಕುಲುಕುವುದಿಲ್ಲ, ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ನಿಧಾನಕ್ಕೆ ತಲೆಕೆಳಗು ಮಾಡುತ್ತೇನೆ, ಪ್ರತಿಸಲವೂ ಅಷ್ಟೇ ಬಾರಿ. 600 ಎಂಎಲ್ ಬೀಕರಿನ ಗೋಡೆಗೆ ತಾಗುವಂತೆ ಸುರಿದು, ಮುಚ್ಚಿ, 25 ಡಿಗ್ರಿಯ ವಾಟರ್ ಬಾತಿನಲ್ಲಿ ಅರ್ಧ ಗಂಟೆ ಇಡುತ್ತೇನೆ. ಡಿಸೆಂಬರ್ ಬೆಳಿಗ್ಗೆ ನಮ್ಮೂರ ಚಳಿಗೆ ಸ್ಟೋರಿನಿಂದ ಬಂದ ಬಾಟಲಿ ತಣ್ಣಗಿರುತ್ತದೆ. ಬಾತಿನ ಡಿಸ್ಪ್ಲೇ 25 ತೋರಿಸಿದರೆ ಸಾಲದು, ಬೀಕರಿನ ನಡುವೆಯೇ ಥರ್ಮಾಮೀಟರ್ ಇಟ್ಟು ನೋಡಬೇಕು.

ನಮ್ಮ ಬ್ರೂಕ್‌ಫೀಲ್ಡ್ ಯಂತ್ರ ದ್ರವದೊಳಗೆ ಸ್ಪಿಂಡಲ್ ಎಂಬ ಕಡ್ಡಿಯನ್ನು ತಿರುಗಿಸಿ, ಅದಕ್ಕೆ ಬರುವ ತಡೆಯಿಂದ ವಿಸ್ಕಾಸಿಟಿ ಅಳೆಯುತ್ತದೆ. ಆ ಸ್ಪಿಂಡಲ್ ಇಳಿಸುವುದರಲ್ಲೂ ಕೈ ಪಳಗಬೇಕು. ತಟ್ಟೆಯಂಥ ಸ್ಪಿಂಡಲನ್ನು ನೇರವಾಗಿ ಇಳಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಓರೆಯಾಗಿ ಜಾರಿಸಿ, ಆಮೇಲೆ ಯಂತ್ರಕ್ಕೆ ತಿರುಗಿಸಿ ಸೇರಿಸಬೇಕು. ಬ್ರೂಕ್‌ಫೀಲ್ಡಿನ ತಿರುಪು ಎಡಗೈ ತಿರುಪು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಹೊಸಬರು ಮಾಮೂಲಿ ಸ್ಕ್ರೂ ಅಂದುಕೊಂಡು ಬಲಕ್ಕೆ ತಿರುಗಿಸುತ್ತಾರೆ. ತಿರುಗಿಸುವಾಗ ಶಾಫ್ಟನ್ನು ಇನ್ನೊಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿಯದಿದ್ದರೆ ಒಳಗಿನ ಪಿವಟ್ ಹಾಳಾಗುತ್ತದೆ. ದ್ರವ ಸ್ಪಿಂಡಲ್ ಕಡ್ಡಿಯ ಗುರುತಿನವರೆಗೆ ಬರಬೇಕು, ಮೇಲೂ ಅಲ್ಲ, ಕೆಳಗೂ ಅಲ್ಲ.

ಮೋಟರ್ ಶುರುವಾದರೆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ನಿಲ್ಲಲಿ ಅಂತ ಕಾಯುತ್ತಾ ಕೂತರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ನಾನು ಸರಿಯಾಗಿ ಒಂದು ನಿಮಿಷಕ್ಕೆ ಓದುತ್ತೇನೆ. ಎರಡನೇ ರೀಡಿಂಗಿಗೆ ಹೊಸ ಬೀಕರ್, ಹೊಸ ಸ್ಯಾಂಪಲ್.

ತುಂಬಾ ಜನ ನೋಡದೇ ಬಿಡುವುದು ಟಾರ್ಕ್ ಶೇಕಡಾ, ಅಂದರೆ ಸ್ಪಿಂಡಲಿಗೆ ಬಂದ ತಡೆ ಯಂತ್ರ ಅಳೆಯಬಲ್ಲ ಗರಿಷ್ಠದಲ್ಲಿ ಎಷ್ಟು ಪಾಲು ಅನ್ನುವುದು. ಯಂತ್ರದ ನಿಖರತೆ ಪೂರ್ಣ ಸ್ಕೇಲಿನ, ಅಂದರೆ ಆ ಸ್ಪಿಂಡಲ್ ಮತ್ತು ವೇಗಕ್ಕೆ ಅಳೆಯಬಲ್ಲ ಗರಿಷ್ಠದ, ಶೇಕಡಾ 1, ನಿಮ್ಮ ರೀಡಿಂಗಿನದ್ದಲ್ಲ. ಬ್ರೂಕ್‌ಫೀಲ್ಡಿನ ಆರ್‌ವಿ ಮಾದರಿಯಲ್ಲಿ 3ನೇ ಸ್ಪಿಂಡಲ್, 10 ಆರ್‌ಪಿಎಂ ಅಂದರೆ ಪೂರ್ಣ ಸ್ಕೇಲ್ 10,000 ಸೆಂಟಿಪಾಯ್ಸ್. ಆಗ 1200 ಅಂತ ಬಂದರೆ ಅದರಲ್ಲಿ 100 ಆಚೀಚೆ ಇರಬಹುದು. 2ನೇ ಸ್ಪಿಂಡಲ್ ಹಾಕಿದರೆ ಪೂರ್ಣ ಸ್ಕೇಲ್ 4000, ಆಚೀಚೆ ಬರೀ 40. ಆದರೆ ಸ್ಪಿಂಡಲ್ ಬದಲಾದರೆ ದ್ರವ ಕದಡುವ ರೀತಿಯೇ ಬೇರೆ, ಹಳೆಯ ಬ್ಯಾಚಿನ ಸಂಖ್ಯೆಗೆ ಹೋಲಿಸುವಂತಿಲ್ಲ. ಹಾಗಾಗಿ ಸರಿಯಾದ ಸ್ಪಿಂಡಲನ್ನು ಸ್ಪೆಸಿಫಿಕೇಷನ್ ಬರೆಯುವಾಗಲೇ ಆರಿಸಬೇಕು. ಟಾರ್ಕ್ 10ಕ್ಕಿಂತ ಕಮ್ಮಿ ಬಂದ ರೀಡಿಂಗ್ ನಾನು ಒಪ್ಪುವುದಿಲ್ಲ.

ಈಗ ನಮ್ಮ ಶೀಟಿನಲ್ಲಿ ಸೆಂಟಿಪಾಯ್ಸ್ ಪಕ್ಕದಲ್ಲೇ ಸ್ಪಿಂಡಲ್, ಆರ್‌ಪಿಎಂ, ಟಾರ್ಕ್, ತಾಪಮಾನ, ಎಷ್ಟು ಹೊತ್ತು ಇಟ್ಟದ್ದು, ಎಲ್ಲಕ್ಕೂ ಖಾನೆ ಇದೆ. ಟ್ಯಾಂಕಿನ ಅಳತೆಗೆ ಬೇರೆಯೇ ಮಿತಿ ಹಾಕಿದ್ದೇವೆ. ಖಾನೆ ಖಾಲಿ ಬಿಟ್ಟ ಶೀಟಿಗೆ ನಾನು ಸಹಿ ಹಾಕುವುದಿಲ್ಲ. ಸೂಪರ್‌ವೈಸರ್ ಕೂಡ ಈಗ 900 ಅಂತ ಹೇಳುವ ಮುಂಚೆ ಸ್ಟರರ್ ನಿಲ್ಲಿಸಿ ಎಷ್ಟು ಹೊತ್ತಾಯಿತು ಅಂತ ಹೇಳುತ್ತಾರೆ.