ಹೆಸರು ಬಾರದವರನ್ನು ಆರ್ಕೈವ್‌ನಲ್ಲಿ ಹುಡುಕುವುದು ಹೇಗೆ: ನನ್ನ ಅನುಭವ

ಹಳೆಯ ಪ್ರಯೋಗಾಲಯಗಳಲ್ಲಿ ದುಡಿದು, ಪ್ರಬಂಧದ ಮೇಲೆ ಹೆಸರು ಬಾರದೇ ಹೋದವರ ಬಗ್ಗೆ ನಾನು ಬರೆಯುತ್ತೇನೆ. ಗಾಜು ಊದಿ ಉಪಕರಣ ಮಾಡಿಕೊಡುತ್ತಿದ್ದವರು, ಕೂತು ಲೆಕ್ಕ ಹಾಕುತ್ತಿದ್ದ ಹೆಂಗಸರು, ರಾತ್ರಿಯಿಡೀ ಯಂತ್ರ ಕಾಯುತ್ತಿದ್ದ ಸಹಾಯಕರು. ಅಚ್ಚಾದ ಪ್ರಬಂಧದಲ್ಲಿ ಇವರು ಸಿಗುವುದು ಅಪರೂಪ. ಸಿಕ್ಕರೂ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಮುಗಿದುಹೋಗುತ್ತಾರೆ. ಹಾಗಾಗಿ ನನ್ನ ಕೆಲಸವೆಲ್ಲ ವಿಶ್ವವಿದ್ಯಾಲಯಗಳ ಆರ್ಕೈವ್‌ಗಳಲ್ಲೇ, ಅಂದರೆ ಹಳೆಯ ಕಾಗದಪತ್ರಗಳನ್ನು ಕಾಪಾಡಿಡುವ ದಾಖಲೆ ಸಂಗ್ರಹಗಳಲ್ಲೇ.

ಹೊಸದಾಗಿ ಆರ್ಕೈವ್‌ಗೆ ಬರುವವರು ಸಾಮಾನ್ಯವಾಗಿ ವಿಷಯ ಹೇಳಿ ಕೇಳುತ್ತಾರೆ. ‘ಗಾಜಿನ ಕೆಲಸದವರ ಬಗ್ಗೆ ಏನಿದೆ?’ ಅಂತ. ಗ್ರಂಥಾಲಯದಲ್ಲಿ ಈ ಪ್ರಶ್ನೆ ನಡೆಯುತ್ತದೆ, ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಕಾಗದಗಳು ಯಾರ ಕೈಯಿಂದ ಬಂದವೋ ಅವರ ಹೆಸರಿನಲ್ಲೇ ಇರುತ್ತವೆ. ಒಂದು ಸಂಸ್ಥೆಯಿಂದ, ಒಂದು ಮನೆತನದಿಂದ ಅಥವಾ ಒಬ್ಬ ವ್ಯಕ್ತಿಯಿಂದ ಬಂದದ್ದನ್ನು ಒಟ್ಟಿಗೇ ಇಡಬೇಕು, ಬೇರೆಯವರದರ ಜೊತೆ ಬೆರೆಸಬಾರದು ಎಂದು ಫ್ರಾನ್ಸ್ ಸರ್ಕಾರ 1841ರಲ್ಲೇ ಸುತ್ತೋಲೆ ಹೊರಡಿಸಿತ್ತು. ಒಳಗಿನ ಕ್ರಮವನ್ನೂ ಕೆಡಿಸಬಾರದು ಎನ್ನುವ ನಿಯಮವನ್ನು 1881ರಲ್ಲಿ ಜರ್ಮನಿಯ ಪ್ರಶ್ಯಾ ರಾಜ್ಯದವರು ಮಾಡಿದರು. ಇವತ್ತಿಗೂ ಬಹುಪಾಲು ಆರ್ಕೈವ್‌ಗಳು ನಡೆಯುವುದು ಈ ಎರಡು ನಿಯಮಗಳ ಮೇಲೆ.

ಇದು ತಲೆಗೆ ಹೋದ ಮೇಲೆ ನಾನು ಪ್ರಶ್ನೆಯನ್ನೇ ತಿರುಗಿಸಿಕೊಂಡೆ. ಈ ಮನುಷ್ಯನ ಹೆಸರನ್ನು ಆಗ ಬರೆಯದೇ ವಿಧಿಯಿಲ್ಲದಿದ್ದವರು ಯಾರು? ಸಂಬಳ ಕೊಡುವವರು ಬರೆಯಲೇಬೇಕು. ಹುದ್ದೆ ಮಂಜೂರು ಮಾಡಿದ ಸಮಿತಿ ಬರೆಯಲೇಬೇಕು. ಕೈ ಸುಟ್ಟುಕೊಂಡರೆ ಅಪಘಾತದ ಪುಸ್ತಕದಲ್ಲಿ ಹೆಸರು ಬೀಳಲೇಬೇಕು. ಅಲ್ಲಿಂದಾಚೆಗೆ ನಾನು ಕೇಳುವುದು ಸಂಬಳದ ರಿಜಿಸ್ಟರು, ಸಮಿತಿಯ ನಡಾವಳಿ, ಖರೀದಿ ಬಿಲ್ಲುಗಳ ಕಟ್ಟು, ದಾಸ್ತಾನು ಪುಸ್ತಕ, ರಜೆ ಅರ್ಜಿ. ಸಂಶೋಧನೆ ಎಂದರೆ ಇವು ಯಾರಿಗೂ ನೆನಪಾಗುವುದಿಲ್ಲ, ಅಲ್ವಾ? ಆದರೆ ಪ್ರಾಧ್ಯಾಪಕರ ಪ್ರಬಂಧದಲ್ಲಿ ‘ಸೂಕ್ತ ಉಪಕರಣ ಬಳಸಲಾಯಿತು’ ಎಂದಿರುವ ಒಂದು ಸಾಲಿನ ಹಿಂದೆ ಎಷ್ಟು ಸಲ ಗಾಜು ಒಡೆಯಿತು, ಯಾರು ಮತ್ತೆ ಮಾಡಿಕೊಟ್ಟರು ಎನ್ನುವುದೆಲ್ಲ ಬಿಲ್ಲಿನ ಕಟ್ಟಿನಲ್ಲಿರುತ್ತದೆ.

ನಡಾವಳಿ ಓದುವಾಗ ಒಂದು ಎಚ್ಚರಿಕೆ ಬೇಕು. ಅದರಲ್ಲಿ ತೀರ್ಮಾನ ಇರುತ್ತದೆ, ಜಗಳ ಇರುವುದಿಲ್ಲ. ‘ಚರ್ಚಿಸಿ ಮುಂದೂಡಲಾಯಿತು’ ಅಂತ ಕಂಡರೆ ನಾನು ಅದೇ ವಾರದ ಖಾಸಗಿ ಪತ್ರಗಳನ್ನು ತರಿಸುತ್ತೇನೆ. ಅಸಲಿ ಮಾತು ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಯಾರ ಕಾಗದ ಯಾರ ಬಾಕ್ಸಿನಲ್ಲಿದೆ ಎನ್ನುವುದು ಎಷ್ಟು ಮುಖ್ಯ ಎಂಬುದಕ್ಕೆ ಶ್ರೀನಿವಾಸ ರಾಮಾನುಜನ್ ಅವರ ಹಾಳೆಗಳೇ ಸಾಕ್ಷಿ. ಅವರು ತೀರಿಕೊಂಡದ್ದು 1920ರಲ್ಲಿ. ಕೊನೆಯ ದಿನಗಳ ಗಣಿತದ ಹಾಳೆಗಳು ಕೈಯಿಂದ ಕೈಗೆ ದಾಟಿ ಜಿ. ಎನ್. ವಾಟ್ಸನ್ ಎಂಬ ಗಣಿತಜ್ಞರ ಬಳಿ ಉಳಿದವು. 1965ರಲ್ಲಿ ವಾಟ್ಸನ್ ತೀರಿಕೊಂಡರು. ಅವರ ಮನೆಯ ಕಾಗದದ ರಾಶಿಯಿಂದ ಬದುಕುಳಿದು ಈ ಹಾಳೆಗಳು 1968ರಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನ ರೆನ್ ಗ್ರಂಥಾಲಯಕ್ಕೆ ಸೇರಿದವು. ಅವುಗಳ ಬೆಲೆ ಏನೆಂದು ಗುರುತಿಸಿದ್ದು ಗಣಿತಜ್ಞ ಜಾರ್ಜ್ ಆಂಡ್ರ್ಯೂಸ್, 1976ರಲ್ಲಿ. ಅವರು ನೋಡುತ್ತಿದ್ದದ್ದು ವಾಟ್ಸನ್ ಅವರು ಬಿಟ್ಟುಹೋದ ಕಾಗದಗಳನ್ನು. ನಾನು ಯಾರನ್ನೇ ಹುಡುಕಲಿ, ಅವರಿಗಿಂತ ಹೆಚ್ಚು ಕಾಲ ಬದುಕಿದವರ ಪಟ್ಟಿ ಮಾಡಿಕೊಳ್ಳುತ್ತೇನೆ. ಶಿಷ್ಯರು, ಕೈಕೆಳಗಿನವರು, ಸಂಪಾದಕರು, ಸ್ನೇಹಿತರು. ಬರೆದ ಪತ್ರ ಬರೆದವರ ಬಳಿ ಇರುವುದಿಲ್ಲವಲ್ಲ, ಓದಿದವರ ಬಳಿ ಇರುತ್ತದೆ.

ದಾಖಲೆ ಎಂದರೆ ಕಾಗದ ಅನ್ನುವ ನಂಬಿಕೆ ಮುರಿದದ್ದು ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಫಲಕಗಳ ಬಗ್ಗೆ ಓದಿದಾಗ. ಅಲ್ಲಿ ರಾತ್ರಿ ಆಕಾಶದ ಐದು ಲಕ್ಷಕ್ಕೂ ಹೆಚ್ಚು ಫೋಟೊ ಫಲಕಗಳಿವೆ. ಹಳೆಯವು 19ನೇ ಶತಮಾನದವು. ಅವುಗಳನ್ನು ಅಳೆದು ಲೆಕ್ಕ ಹಾಕಲು ಹೆಂಗಸರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಂಡಿದ್ದರು. ಅವರಲ್ಲೊಬ್ಬರಾದ ಹೆನ್ರಿಯೆಟ್ಟಾ ಲೆವಿಟ್ 1908ರಲ್ಲಿ ಮ್ಯಾಗೆಲನ್ ಮೋಡಗಳಲ್ಲಿ (ನಮ್ಮ ಗೆಲಾಕ್ಸಿಯ ಹತ್ತಿರದ ಎರಡು ಚಿಕ್ಕ ಗೆಲಾಕ್ಸಿಗಳು) ಬೆಳಕು ಏರಿಳಿಯುವ 1,777 ನಕ್ಷತ್ರಗಳ ಪಟ್ಟಿ ಕೊಟ್ಟದ್ದು ಈ ಗಾಜುಗಳನ್ನು ನೋಡಿಯೇ. ಬೆಳಕಿನ ಏರಿಳಿತದ ಅವಧಿಗೂ ನಕ್ಷತ್ರದ ಪ್ರಖರತೆಗೂ ಇರುವ ಸಂಬಂಧ 1912ರಲ್ಲಿ ಗಟ್ಟಿಯಾಯಿತು. ಅದರಿಂದ ದೂರದ ಗೆಲಾಕ್ಸಿಗಳ ಅಂತರ ಅಳೆಯಲು ದಾರಿ ಸಿಕ್ಕಿತು.

ನನಗೆ ಮುಖ್ಯವಾದದ್ದು ಇನ್ನೊಂದು. ಫಲಕಗಳ ಗಾಜಿನ ಬದಿಯಲ್ಲಿ ಆ ಹೆಂಗಸರು ಶಾಯಿಯಿಂದ ಗುರುತು, ಬಾಣ, ಅಂಕಿ ಬರೆದಿದ್ದರು. ಫಲಕಗಳನ್ನು ಸ್ಕ್ಯಾನ್ ಮಾಡುವಾಗ ಆ ಬರಹ ನಕ್ಷತ್ರಗಳಿಗೆ ಅಡ್ಡ ಬರುತ್ತಿತ್ತು. ಹಾಗಾಗಿ ಮೊದಲು ಬರಹದ ಫೋಟೊ ತೆಗೆದು, ಆಮೇಲೆ ಒರೆಸಿದರು. ಕೆಲವನ್ನು ಹಾಗೇ ಉಳಿಸಿದ್ದಾರೆ. ಖಗೋಳ ವಿಜ್ಞಾನಿಗೆ ಒರೆಸಬೇಕಾದ ಕಲೆ, ನನ್ನಂಥವರಿಗೆ ಅದೇ ದಾಖಲೆ. ಫೋಟೊ ಇದೆ ನಿಜ. ಆದರೂ ಒರೆಸಿದ್ದು ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವ ತೀರ್ಪು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ನ್ಯೂಟನ್ ಅವರ ಕಾಗದಗಳ ಕಥೆ ನೋಡಿ. ಅವು ಅವರ ಬಂಧುಗಳ ಮನೆತನದಲ್ಲಿದ್ದವು. 1872ರಲ್ಲಿ ಕೇಂಬ್ರಿಡ್ಜ್‌ಗೆ ಬಂದವು. ವಿಶ್ವವಿದ್ಯಾಲಯ ಗಣಿತ, ವಿಜ್ಞಾನದ ಭಾಗ ಇಟ್ಟುಕೊಂಡು ರಸವಿದ್ಯೆ, ಧರ್ಮಶಾಸ್ತ್ರದ ಬರಹಗಳನ್ನು 1888ರ ಹೊತ್ತಿಗೆ ವಾಪಸ್ ಕಳಿಸಿತು. 1936ರಲ್ಲಿ ಅವು ಹರಾಜಾಗಿ ಚದುರಿಹೋದವು. ಅರ್ಥಶಾಸ್ತ್ರಜ್ಞ ಕೇನ್ಸ್ ಕೈಲಾದಷ್ಟನ್ನು ಕೊಂಡು ಒಟ್ಟುಮಾಡಿದರು. ಅವು ಈಗ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿವೆ. ಧರ್ಮಶಾಸ್ತ್ರದವು ಬಹುಪಾಲು ಜೆರುಸಲೇಂ ಸೇರಿದವು. ಆಗ ಬೇಡವೆಂದದ್ದನ್ನೇ ಇವತ್ತು ಜನ ಸಾಲುಗಟ್ಟಿ ಓದುತ್ತಾರೆ. ಅದಕ್ಕೇ ಸಂಗ್ರಹದ ವಿವರಣೆಯಲ್ಲಿ ‘ಯಾರಿಂದ ಬಂತು, ಏನನ್ನು ತೆಗೆದುಹಾಕಿದೆವು’ ಎನ್ನುವ ಭಾಗವನ್ನು ನಾನು ಮೊದಲು ಓದುತ್ತೇನೆ. ಕಾಗದ ಇಲ್ಲ ಎಂದರೆ ಘಟನೆ ನಡೆದೇ ಇಲ್ಲ ಎಂದೇನೂ ಅರ್ಥವಲ್ಲ.

ಇನ್ನು ಕೂತು ಕೆಲಸ ಮಾಡುವ ರೀತಿ. ಹೋಗುವ ಮುಂಚೆಯೇ ಆರ್ಕೈವ್‌ನವರಿಗೆ ಬರೆಯುತ್ತೇನೆ. ವಿಷಯದ ಜೊತೆ ಕಾಲ, ವಿಭಾಗ, ಹೆಸರುಗಳನ್ನೂ ಕೊಡುತ್ತೇನೆ. ಇನ್ನೂ ಪಟ್ಟಿಯಾಗದ ಬಾಕ್ಸುಗಳಿವೆಯೇ ಎಂದು ತಪ್ಪದೇ ಕೇಳುತ್ತೇನೆ, ಏಕೆಂದರೆ ಅವು ಆನ್‌ಲೈನ್ ಹುಡುಕಾಟದಲ್ಲಿ ಕಾಣುವುದಿಲ್ಲ. ಒಳಗೆ ಪೆನ್ನಿಗೆ ಸಾಮಾನ್ಯವಾಗಿ ಅನುಮತಿ ಇಲ್ಲ, ಪೆನ್ಸಿಲ್ ಮಾತ್ರ. ಫೋಟೊ ತೆಗೆಯಲು ಬಿಟ್ಟರೆ ಮೊದಲ ಫೋಟೊ ಬಾಕ್ಸಿನ ಲೇಬಲ್‌ನದು, ಎರಡನೆಯದು ಫೈಲಿನ ಮುಖದ್ದು, ಆಮೇಲೆ ಹಾಳೆಗಳು. ಖಾಲಿ ಕಂಡರೂ ಹಿಂಬದಿ ಬಿಡುವುದಿಲ್ಲ. ಕಾಗದದ ಅಭಾವವಿದ್ದ ಕಾಲದಲ್ಲಿ ಹಿಂಬದಿಯಲ್ಲೇ ಲೆಕ್ಕ ಹಾಕುತ್ತಿದ್ದರು. ಫೈಲಿನೊಳಗೆ ತಾರೀಖು ಹಿಂದುಮುಂದಾಗಿ ಕಂಡರೂ ಸರಿಪಡಿಸಲು ಹೋಗಬಾರದು. ಎರಡು ಪತ್ರ ಒಟ್ಟಿಗೆ ಪಿನ್ ಮಾಡಿದ್ದರೆ ಹಾಗೆ ಮಾಡಿದವರಿಗೆ ಕಾರಣ ಇದ್ದಿರಬಹುದು.

ವಿದ್ಯಾರ್ಥಿಗಳ ಮತ್ತು ಸಿಬ್ಬಂದಿಯ ವೈಯಕ್ತಿಕ ಫೈಲುಗಳನ್ನು ಬಹಳ ವರ್ಷ ಮುಚ್ಚಿಡುತ್ತಾರೆ. ವಾದ ಮಾಡಿ ಪ್ರಯೋಜನವಿಲ್ಲ, ಮಾಡಲೂಬಾರದು. ಪತ್ರ ಆರ್ಕೈವ್‌ನ ಸ್ವತ್ತಾಗಿದ್ದರೂ ಅದರೊಳಗಿನ ಮಾತಿನ ಹಕ್ಕು ಸಾಮಾನ್ಯವಾಗಿ ಬರೆದವರದ್ದು ಅಥವಾ ಅವರ ವಾರಸುದಾರರದ್ದು. ಹಾಗಾಗಿ ಉದ್ದದ ಭಾಗ ಅಚ್ಚು ಹಾಕುವ ಮುಂಚೆ ನಾನು ಅನುಮತಿ ಕೇಳುತ್ತೇನೆ.

ಈಗ ಬರುತ್ತಿರುವ ಸಂಗ್ರಹಗಳಲ್ಲಿ ಬಿಲ್ಲಿನ ಕಟ್ಟೂ ಇಲ್ಲ, ರಿಜಿಸ್ಟರೂ ಇಲ್ಲ. ಫ್ಲಾಪಿ, ಹಾರ್ಡ್ ಡಿಸ್ಕ್, ಇಮೇಲ್ ರಾಶಿ. ಡಿಸ್ಕಿನ ಪೂರ್ತಿ ನಕಲು ತೆಗೆದು, ಒಂದು ಬಿಟ್ (ಕಂಪ್ಯೂಟರ್ ಮಾಹಿತಿಯ ಅತಿ ಚಿಕ್ಕ ತುಣುಕು) ಕೂಡ ಬದಲಾಗಿಲ್ಲ ಎಂದು ಆಗಾಗ ತಾಳೆ ನೋಡುವುದೇ ಆರ್ಕೈವ್‌ನವರಿಗೆ ದೊಡ್ಡ ಕೆಲಸವಾಗಿದೆ. ಸಹಾಯಕರ ಹೆಸರು ಇಲ್ಲಿಯೂ ಪ್ರಬಂಧದ ಫೈಲಿನಲ್ಲಿ ಸಿಗುವುದು ಕಡಿಮೆ. ನಾನು ಮೊದಲು ತೆರೆಯುವುದು ಯಂತ್ರ ಯಾರಿಗೆ ಯಾವ ಹೊತ್ತು ಎಂದು ಹಂಚಿದ ಸ್ಪ್ರೆಡ್‌ಶೀಟ್.