ಗೀಸರಿಗೆ ಸ್ಮಾರ್ಟ್ ಸ್ವಿಚ್ ಹಾಕುವವರು ಇದೊಂದು ನೋಡಿ

ಬಸ್ಸು ಸುರತ್ಕಲ್ ದಾಟುವಾಗ ಮೊಬೈಲಲ್ಲಿ ಒತ್ತಿದರೆ ಮನೆ ಮುಟ್ಟುವಷ್ಟರಲ್ಲಿ ಬಿಸಿನೀರು ರೆಡಿ. ಮಳೆಗೆ ನೆನೆದು ಬಂದವನಿಗೆ ಇದು ದೊಡ್ಡ ಸುಖವೇ ಮಾರಾಯ್ರೆ. ಆದರೆ ಅಗ್ಗಕ್ಕೆ ಸಿಗುತ್ತದೆಂದು 10 ಆಂಪಿಯರಿನ ಸ್ಮಾರ್ಟ್ ಪ್ಲಗ್ (ಸಾಕೆಟ್ಟಿಗೆ ಸಿಕ್ಕಿಸುವ ಸ್ಮಾರ್ಟ್ ಸ್ವಿಚ್) ತರಬೇಡಿ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000ದ್ದಾದರೆ 13. ನಾನೂ ಮೊದಲು 10ರದ್ದೇ ಹಾಕಿದ್ದೆ. ಒಂದು ದಿನ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಪಿನ್ನಿನ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಕಂದಾಗಿತ್ತು. 16 ಆಂಪಿಯರಿನದ್ದೇ ಬೇಕು, ಅದೂ ಬಚ್ಚಲಿನ ಹೊರಗೆ. ಕಡಲ ಗಾಳಿಗೆ ಸಾಕೆಟ್ಟಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಎಲೆಕ್ಟ್ರೀಷಿಯನ್ ಹತ್ತಿರ ಅದನ್ನೂ ಬದಲಿಸಿಕೊಳ್ಳಿ.

ಇನ್ನೊಂದುಂಟು. ಕರೆಂಟ್ ಹೋಗಿ ಬಂದಾಗ ಕೆಲವು ಸ್ವಿಚ್ಚುಗಳು ತಮ್ಮಷ್ಟಕ್ಕೇ ಆನ್ ಆಗುತ್ತವೆ. ನಮ್ಮ ಮಳೆಗಾಲದಲ್ಲಿ ಅದು ದಿನಕ್ಕೆಷ್ಟು ಸಲವೋ! ಆ್ಯಪಿನ ಸೆಟ್ಟಿಂಗಿನಲ್ಲಿ ಕರೆಂಟ್ ಬಂದಾಗ ಆಫ್ ಆಗಿಯೇ ಇರುವ ಹಾಗೆ ಇಡಿ. ಆಟೋ ಆಫ್ 20 ನಿಮಿಷಕ್ಕೆ ಸಾಕು. 15 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಏರಲು 2000 ವ್ಯಾಟಿಗೆ ಸುಮಾರು 16 ನಿಮಿಷ. ವೈಫೈ ಇಲ್ಲದಿದ್ದರೂ ಟೈಮರ್ ಕೆಲಸ ಮಾಡುತ್ತದಾ ಎಂದು ರೂಟರ್ ಆಫ್ ಮಾಡಿ ಒಮ್ಮೆ ನೋಡಿ.

ಬಕೆಟಿಗೆ ಇಳಿಸುವ ಹೀಟರ್ ರಾಡಿಗೆ ಮಾತ್ರ ಇದು ಬೇಡವೇ ಬೇಡ. ಬಕೆಟಲ್ಲಿ ನೀರುಂಟಾ, ಮಕ್ಕಳು ಕೈ ಹಾಕಿದ್ದಾರಾ ಎಂದು ಬಸ್ಸಲ್ಲಿ ಕೂತ ನಿಮಗೆ ಕಾಣುವುದಿಲ್ಲ.