ಕಾಯಿಲ್ ಸ್ಪ್ಲಿಟ್ ಮಾಡಿ, ಗುಂಯ್ ಸದ್ದನ್ನೂ ಅಡಗಿಸಿ

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ನಾದ ಹಿಡಿಯುವ ಭಾಗ ಪಿಕಪ್. ಎರಡು ಕಾಯಿಲ್ ಇರುವ ಪಿಕಪ್ಪೇ ಹಮ್‌ಬಕರ್. ಅದರ ಒಂದು ಕಾಯಿಲ್ ಮುಚ್ಚಿ ಇನ್ನೊಂದನ್ನೇ ಕೇಳುವುದು ಕಾಯಿಲ್ ಸ್ಪ್ಲಿಟ್. ಇದಕ್ಕೆ ಜನ ಪುಶ್-ಪುಲ್ ಪಾಟ್ (ಎಳೆದು ಒತ್ತುವ ಸ್ವಿಚ್ ಇರುವ ವಾಲ್ಯೂಮ್ ಅಥವಾ ಟೋನ್ ನಾಬ್) ತರುತ್ತಾರೆ. ಎಲ್ಲೋ ಸಿಕ್ಕ ಒಂದು ಡಯಾಗ್ರಂ ನೋಡುತ್ತಾರೆ. ಎರಡು ಹಮ್‌ಬಕರ್‌ಗಳಿಗೂ ಒಂದೇ ಥರ ವೈರ್ ಎಳೆದು ಮುಚ್ಚಳ ಹಾಕಿಬಿಡುತ್ತಾರೆ. ಆಂಪ್ ಆನ್ ಮಾಡಿ ನಾಬ್ ಎಳೆದರೆ ಗುಂಯ್ ಅಂತ ಸದ್ದು. ಆಮೇಲೆ ಕೇಬಲ್ ಬದಲಾಯಿಸುವುದು, ಪಿಕಪ್ ಬೈಯುವುದು, ಇನ್ನೊಂದು ಪಿಕಪ್‌ಗೆ ದುಡ್ಡು ಸುರಿಯುವುದು. ಇಷ್ಟೆಲ್ಲ ಆದಾಗಲೂ ಪಿಕಪ್ ಚೆನ್ನಾಗಿಯೇ ಇರುತ್ತದೆ. ತಪ್ಪು ಜಾಗಕ್ಕೆ ಹೋಗಿರುವುದು ಒಂದೇ ಒಂದು ವೈರ್.

ಸ್ಪ್ಲಿಟ್ ಆದ ಒಂದೇ ಪಿಕಪ್ ಕೇಳುವಾಗ ಗುಂಯ್ ಬಂದೇ ಬರುತ್ತದೆ, ಅದನ್ನು ಪೂರ್ತಿ ಅಡಗಿಸಲು ಉಪಾಯವಿಲ್ಲ. ಆದರೆ ಎರಡೂ ಪಿಕಪ್ ಸ್ಪ್ಲಿಟ್ ಆಗಿ ಒಟ್ಟಿಗೆ ಕೇಳುವಾಗ ಅದು ಹೆಚ್ಚುಕಡಿಮೆ ಮಾಯವಾಗಬೇಕು. ಹಾಗೆ ಮಾಡಲು ಒಂದು ಪೈಸೆಯೂ ಜಾಸ್ತಿ ಬೇಡ.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ನಮ್ಮ ಮನೆಯ ಕರೆಂಟು 50 ಹರ್ಟ್ಸ್‌ನದು. ಟ್ರಾನ್ಸ್‌ಫಾರ್ಮರ್, ಫ್ಯಾನು, ಗೋಡೆಯೊಳಗಿನ ವೈರಿಂಗ್, ಎಲ್ಲದರ ಸುತ್ತಲೂ ಅದರ ಕಾಂತಕ್ಷೇತ್ರ ಇರುತ್ತದೆ. ಪಿಕಪ್‌ನ ತಾಮ್ರದ ಸುರುಳಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೆ ಎರಡು ಕಾಯಿಲ್‌ಗಳ ಪಿಕಪ್ ಮಾಡಿ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1957ಕ್ಕೆ ಅದು ಲೆಸ್ ಪಾಲ್ ಗಿಟಾರ್‌ಗಳಲ್ಲಿ ಬಂತು. ಎರಡು ಕಾಯಿಲ್‌ಗಳ ಸುತ್ತು ಒಂದಕ್ಕೊಂದು ಉಲ್ಟಾ ಕೆಲಸ ಮಾಡುವುದರಿಂದ ಒಂದರ ಗುಂಯ್ ಇನ್ನೊಂದರದ್ದನ್ನು ಹೊಡೆದುಹಾಕುತ್ತದೆ. ಕಾಂತದ ಧ್ರುವವೂ ಉಲ್ಟಾ ಇರುವುದರಿಂದ ತಂತಿಯ ನಾದ ಎರಡು ಸಲ ತಿರುಗಿ ನೆಟ್ಟಗಾಗುತ್ತದೆ, ಎರಡೂ ಕಾಯಿಲ್‌ನದು ಕೂಡಿಕೊಳ್ಳುತ್ತದೆ. ಸುತ್ತೂ ಉಲ್ಟಾ, ಧ್ರುವವೂ ಉಲ್ಟಾ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಕೆಲಸದಲ್ಲಿ ಗೊಂದಲ ಬರುವುದಿಲ್ಲ.

1. ಸಾಮಾನು ಜೋಡಿಸಿಕೊಳ್ಳಿ

ನಾಲ್ಕು ವೈರ್ ಮತ್ತು ಒಂದು ಬರಿ ತಂತಿ ಹೊರಗೆ ಬಂದಿರುವ ಹಮ್‌ಬಕರ್, 500 ಕಿಲೋಓಮ್‌ನ ಪುಶ್-ಪುಲ್ ಪಾಟ್, ಮಲ್ಟಿಮೀಟರ್, 40 ವಾಟ್‌ನ ಸೋಲ್ಡರಿಂಗ್ ಐರನ್, ಒಳಗೇ ರೋಸಿನ್ (ರಾಳ) ಇರುವ 60/40 ಲೆಡ್ (ಬೆಸುಗೆ ತಂತಿ), ಹೀಟ್ ಶ್ರಿಂಕ್ ಟ್ಯೂಬ್. ಬೆಂಗಳೂರಿನವರಿಗೆ ಪಾಟ್, ಪಿಕಪ್ ಬಿಟ್ಟು ಉಳಿದದ್ದೆಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ.

ಡಬ್ಬಿಯಲ್ಲಿ ಸಿಗುವ ಸೋಲ್ಡರಿಂಗ್ ಪೇಸ್ಟ್ ಗಿಟಾರ್ ಹತ್ತಿರಕ್ಕೂ ತರಬೇಡಿ. ಅದರಲ್ಲಿ ಆಮ್ಲ ಇರುವ ಜಾತಿಯೂ ಇದೆ. ಇವತ್ತು ಬೆಸುಗೆ ಫಳಫಳ ಅನ್ನುತ್ತದೆ, ಒಂದೆರಡು ಮಳೆಗಾಲ ಕಳೆದ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಒಳ್ಳೆಯ ಲೆಡ್‌ನಲ್ಲಿ ಇರುವ ರೋಸಿನ್ನೇ ಸಾಕು. ತೀರಾ ಅಗ್ಗದ ಪುಶ್-ಪುಲ್ ಪಾಟ್ ಕೂಡ ಬೇಡ. ಪಾಟ್ ತಿರುಗುತ್ತದೆ, ಆದರೆ ಕೆಳಗಿನ ಸ್ವಿಚ್ ಕೆಲವೇ ತಿಂಗಳಿಗೆ ಸಡಿಲವಾಗಿ ಸದ್ದು ಬಿಟ್ಟು ಬಿಟ್ಟು ಬರುತ್ತದೆ.

ಕೊಳ್ಳುವ ಮುಂಚೆ ಗಿಟಾರ್‌ನ ಕುಳಿಯ ಆಳ ಅಳೆಯಿರಿ. ಮಾಮೂಲಿ ಪಾಟ್‌ಗಿಂತ ಪುಶ್-ಪುಲ್ ಪಾಟ್ ಉದ್ದ. ತೆಳು ದೇಹದ ಗಿಟಾರ್‌ಗಳಲ್ಲಿ ಹಿಂದಿನ ಮುಚ್ಚಳ ಕೂರುವುದೇ ಇಲ್ಲ. ಅಂಥ ಕಡೆ ಒಂದು ಚಿಕ್ಕ ಟಾಗಲ್ ಸ್ವಿಚ್ ಹಾಕುವುದು ಮೇಲು. ಆರು ಪಿನ್ ಇರುವುದನ್ನೇ ತನ್ನಿ.

ಒಂದೇ ವೈರ್, ಸುತ್ತ ಲೋಹದ ಹೆಣಿಗೆ ಇರುವ ಹಳೇ ಮಾದರಿಯ ಹಮ್‌ಬಕರ್ ನಿಮ್ಮಲ್ಲಿದ್ದರೆ ಅದನ್ನು ಬಿಚ್ಚಿ ನಾಲ್ಕು ವೈರ್ ಎಳೆಯಲು ಹೋಗಬೇಡಿ. ಒಳಗಿನ ತಾಮ್ರದ ಎಳೆ ತಲೆಕೂದಲಿನಷ್ಟು ತೆಳು. ತುಂಡಾದರೆ ಕಾಯಿಲ್ ಪೂರ್ತಿ ಸುತ್ತಿಸಬೇಕಾಗುತ್ತದೆ. ಆ ಕೆಲಸ ಗೊತ್ತಿರುವವರಿಗೆ ಕೊಡಿ.

2. ಯಾವ ವೈರ್ ಯಾವ ಕಾಯಿಲ್‌ನದು?

ಎಲ್ಲರೂ ಹಾರಿಸಿಬಿಡುವುದು ಈ ಹಂತವನ್ನೇ. ಗಡಿಯಾರ ನೋಡದೆ ಮಾಡಿ.

ವೈರ್‌ಗಳ ಬಣ್ಣ ಎಲ್ಲ ಕಂಪನಿಗೂ ಒಂದೇ ಅಲ್ಲ. ಸೀಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ಹೊರಗೆ ಒಯ್ಯುವ ವೈರ್), ಬಿಳಿ ಮತ್ತು ಕೆಂಪು ಒಟ್ಟಿಗೆ ಸೇರುತ್ತವೆ, ಹಸಿರು ಮತ್ತು ಬರಿ ತಂತಿ ಗ್ರೌಂಡ್‌ಗೆ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು-ಬಿಳಿ ಸೇರುತ್ತವೆ, ಹಸಿರು ಗ್ರೌಂಡ್. ಡಂಕನ್ ಡಯಾಗ್ರಂ ಇಟ್ಟುಕೊಂಡು ಡಿಮಾರ್ಜಿಯೋ ಜೋಡಿಸಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಹೆಸರಿಲ್ಲದ ಪಿಕಪ್‌ಗಳಲ್ಲಂತೂ ಬಣ್ಣವನ್ನು ನಂಬಲೇಬೇಡಿ, ಮೀಟರನ್ನು ನಂಬಿ.

ಮೀಟರನ್ನು 20 ಕಿಲೋಓಮ್‌ಗೆ ಇಡಿ. ಬರಿ ತಂತಿಯನ್ನು ಪಕ್ಕಕ್ಕೆ ಸರಿಸಿ. ಉಳಿದ ನಾಲ್ಕರಲ್ಲಿ ಎರಡೆರಡನ್ನೇ ಹಿಡಿದು ನೋಡಿ. ರೀಡಿಂಗ್ ಬಂದ ಜೋಡಿ ಒಂದು ಕಾಯಿಲ್‌ನದು. ಹಳೇ ದನಿಯ ಪಿಕಪ್‌ನಲ್ಲಿ ಒಂದೊಂದು ಕಾಯಿಲ್ ಸುಮಾರು 4 ಕಿಲೋಓಮ್ ತೋರಿಸುತ್ತದೆ. ಜೋರು ಪಿಕಪ್‌ನಲ್ಲಿ 7-8 ಕೂಡ ಇರಬಹುದು. ಜೋಡಿ ಯಾವ ಕಾಯಿಲ್‌ನದು ಅಂತ ತಿಳಿಯಲು ಮೀಟರ್ ಹಾಗೇ ಇರಲಿ. ಒಂದು ಸ್ಕ್ರೂಡ್ರೈವರ್‌ನ ಉಕ್ಕಿನ ಭಾಗವನ್ನು ಕಾಯಿಲ್ ಮೇಲಿನ ಪೋಲ್‌ಗಳಿಗೆ (ಸಾಲಾಗಿ ಕಾಣುವ ಲೋಹದ ತಲೆಗಳಿಗೆ) ಮುಟ್ಟಿಸಿ ತೆಗೆಯಿರಿ. ರೀಡಿಂಗ್ ಚಂಗನೆ ಅಲ್ಲಾಡಿದರೆ ಅದೇ ಕಾಯಿಲ್. ಸ್ಕ್ರೂ ಕಾಣುವ ಸಾಲಾ, ನುಣುಪು ತಲೆಯ ಸ್ಲಗ್ ಸಾಲಾ ಅಂತ ಬರೆದುಕೊಳ್ಳಿ.

ಇನ್ನು ದಿಕ್ಕು. ಇದಕ್ಕೆ ಮುಳ್ಳಿನ ಹಳೇ ಮಲ್ಟಿಮೀಟರ್ ಸಿಕ್ಕರೆ ತುಂಬಾ ಒಳ್ಳೆಯದು. ಡಿಜಿಟಲ್ ಆದರೆ 200 ಮಿಲಿವೋಲ್ಟ್ ಡಿಸಿಗೆ ಇಡಿ. ಮೀಟರ್‌ನ ಕೆಂಪು ಕಡ್ಡಿಯನ್ನು ಜೋಡಿಯ ಒಂದು ವೈರ್‌ಗೆ, ಕಪ್ಪು ಕಡ್ಡಿಯನ್ನು ಇನ್ನೊಂದಕ್ಕೆ ಸಿಕ್ಕಿಸಿ. ಸ್ಕ್ರೂಡ್ರೈವರನ್ನು ಪೋಲ್‌ಗಳ ಮೇಲೆ ಅಂಟಿಸಿ, ಒಂದೇ ಏಟಿಗೆ ಎತ್ತಿ. ಎತ್ತಿದ ಕ್ಷಣ ಮುಳ್ಳು ಬಲಕ್ಕೆ ಹಾರಿತೋ ಎಡಕ್ಕೋ ನೋಡಿ. ಅಂಟಿಸುವಾಗ ಒಂದು ಕಡೆ, ಎತ್ತುವಾಗ ಇನ್ನೊಂದು ಕಡೆ ಹೋಗುತ್ತದೆ, ಆದ್ದರಿಂದ ಎತ್ತುವಾಗ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಬಲಕ್ಕೆ ಹಾರಿದಾಗ ಕೆಂಪು ಕಡ್ಡಿ ಇದ್ದ ವೈರ್‌ಗೆ ಟೇಪ್ ಸುತ್ತಿ ಪ್ಲಸ್ ಗುರುತು ಹಾಕಿ. ಎಡಕ್ಕೆ ಹಾರಿದರೆ ಗುರುತು ಇನ್ನೊಂದು ವೈರ್‌ಗೆ. ಎರಡನೇ ಕಾಯಿಲ್‌ಗೂ ಹೀಗೇ ಮಾಡಿ.

ಈಗ ಯಾವ ಕಂಪನಿಯ ಪಿಕಪ್ ಆದರೂ ಚಿಂತೆಯಿಲ್ಲ. ಮೊದಲ ಕಾಯಿಲ್‌ನ ಪ್ಲಸ್ ಹಾಟ್. ಅದರ ಮೈನಸ್ ಮತ್ತು ಎರಡನೇ ಕಾಯಿಲ್‌ನ ಪ್ಲಸ್ ಒಟ್ಟಿಗೆ, ಇದೇ ಸೀರೀಸ್ ಗಂಟು. ಎರಡನೆಯದರ ಮೈನಸ್ ಗ್ರೌಂಡ್‌ಗೆ. ಒಂದು ಕಾಯಿಲ್ ಉಲ್ಟಾ ಸೇರಿದರೆ ದನಿ ಸಪ್ಪೆಯಾಗಿ ಮೂಗಿನಲ್ಲಿ ಮಾತಾಡಿದಂತೆ ಬರುತ್ತದೆ, ಗುಂಯ್ ಮಾತ್ರ ಎರಡಷ್ಟಾಗುತ್ತದೆ.

ಕೊನೆಗೆ ಧ್ರುವ. ಚಿಕ್ಕ ದಿಕ್ಸೂಚಿಯೊಂದನ್ನು ದೂರದಿಂದ ಮೆಲ್ಲಗೆ ಪಿಕಪ್ ಕಡೆ ತನ್ನಿ. ಸ್ಲಗ್ ಸಾಲಿಗೆ ಮುಳ್ಳಿನ ಯಾವ ತುದಿ ತಿರುಗಿತು, ಸ್ಕ್ರೂ ಸಾಲಿಗೆ ಯಾವುದು ಅಂತ ನೋಡಿ. ತೀರಾ ಹತ್ತಿರ ಒಯ್ದರೆ ದಿಕ್ಸೂಚಿಯೇ ಕೆಡುತ್ತದೆ. ಎರಡೂ ಪಿಕಪ್‌ಗೆ ನೋಡಿ ಬರೆದಿಟ್ಟುಕೊಳ್ಳಿ.

3. ಯಾವ ಕಾಯಿಲ್ ಉಳಿಸಬೇಕು?

ಎರಡು ಕಾಯಿಲ್‌ಗಳಲ್ಲಿ ಧ್ರುವ ಬೇರೆ ಬೇರೆ ಇದ್ದು, ಕೆಂಪು ಕಡ್ಡಿ ಹಾಟ್ ಕಡೆ ಇಟ್ಟಾಗ ಮುಳ್ಳು ಒಂದೇ ಕಡೆ ಹಾರಿದರೆ ಆ ಎರಡು ಕೂಡಿದಾಗ ಗುಂಯ್ ಹೋಗುತ್ತದೆ. ಈ ನಿಯಮ ಒಂದೇ ಪಿಕಪ್‌ನ ಎರಡು ಕಾಯಿಲ್‌ಗೂ ಸರಿ, ಬೇರೆ ಬೇರೆ ಪಿಕಪ್‌ನ ಎರಡು ಕಾಯಿಲ್‌ಗೂ ಸರಿ. ಮಧ್ಯೆ ಸಿಂಗಲ್ ಕಾಯಿಲ್ ಇರುವ ಗಿಟಾರ್‌ಗೂ ಅಷ್ಟೆ. ಬ್ರಿಡ್ಜ್ (ತಂತಿಗಳು ಕೆಳತುದಿಯಲ್ಲಿ ಕೂರುವ ಭಾಗ) ಪಕ್ಕದ ಹಮ್‌ಬಕರ್‌ನಲ್ಲಿ ಮಧ್ಯದ ಪಿಕಪ್‌ಗೆ ಎದುರು ಧ್ರುವದ ಕಾಯಿಲನ್ನೇ ಉಳಿಸಿ.

ಒಂದೇ ಕಂಪನಿಯ ಎರಡು ಹಮ್‌ಬಕರ್ ಇದ್ದಾಗ ಜನ ಎರಡರ ಗಂಟನ್ನೂ ಗ್ರೌಂಡ್‌ಗೆ ಕೊಡುತ್ತಾರೆ. ಆಗ ಎರಡರಲ್ಲೂ ಒಂದೇ ಸಾಲಿನ ಕಾಯಿಲ್ ಉಳಿಯುತ್ತದೆ, ಡಂಕನ್‌ನಲ್ಲಿ ಅದು ಸ್ಲಗ್ ಕಾಯಿಲ್. ಧ್ರುವ ಒಂದೇ, ಸುತ್ತೂ ಒಂದೇ. ಗುಂಯ್ ಕಡಿಮೆಯಾಗಲು ದಾರಿಯೇ ಇಲ್ಲ. ಒಂದರ ಗಂಟು ಗ್ರೌಂಡ್‌ಗೆ, ಇನ್ನೊಂದರ ಗಂಟು ಅದರ ಹಾಟ್‌ಗೆ ಹೋಗಬೇಕು.

ನಾನು ಹೇಳುವುದು ಇಷ್ಟು: ಬ್ರಿಡ್ಜ್‌ ಪಕ್ಕದ ಪಿಕಪ್‌ನಲ್ಲಿ ಸ್ಲಗ್ ಉಳಿಸಿ, ನೆಕ್‌ (ಗಿಟಾರ್‌ನ ಕತ್ತು) ಪಕ್ಕದ ಪಿಕಪ್‌ನಲ್ಲಿ ಸ್ಕ್ರೂ ಉಳಿಸಿ. ಬ್ರಿಡ್ಜ್ ಪಿಕಪ್‌ನ ಸ್ಕ್ರೂ ಸಾಲು ಸಾಮಾನ್ಯವಾಗಿ ಬ್ರಿಡ್ಜ್‌ಗೆ ಅಂಟಿಕೊಂಡಿರುತ್ತದೆ. ಅದನ್ನೊಂದನ್ನೇ ಉಳಿಸಿದರೆ ದನಿ ಕಿವಿಗೆ ಚುಚ್ಚುತ್ತದೆ. ಸ್ಲಗ್ ಸಾಲು ಸ್ವಲ್ಪ ಒಳಗಿದೆ, ತಂತಿ ಅಲ್ಲಿ ಜಾಸ್ತಿ ಆಡುತ್ತದೆ, ದನಿಗೆ ಮೈ ಇರುತ್ತದೆ. ನೆಕ್‌ನಲ್ಲಿ ಸ್ಕ್ರೂ ಸಾಲು ಫ್ರೆಟ್‌ಬೋರ್ಡ್ ಪಕ್ಕದಲ್ಲಿದ್ದು ಗುಂಡಗಿನ, ತಿಳಿಯಾದ ದನಿ ಕೊಡುತ್ತದೆ.

4. ಪುಶ್-ಪುಲ್‌ಗೆ ವೈರ್

ಒಂದು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನದ ಸೆಲೆಕ್ಟರ್ (ಪಿಕಪ್ ಆರಿಸುವ ಸ್ವಿಚ್) ಇರುವ ಗಿಟಾರ್‌ಗೆ ಒಂದೇ ಪುಶ್-ಪುಲ್ ಸಾಕು. ಕೆಳಗಿನ ಆರು ಪಿನ್ ಅಂದರೆ ಮೂರು ಮೂರರ ಎರಡು ಸಾಲು. ಒಂದು ಸಾಲು ಬ್ರಿಡ್ಜ್‌ಗೆ, ಇನ್ನೊಂದು ನೆಕ್‌ಗೆ. ನಾಬ್ ಎಳೆದಾಗ ಮಧ್ಯದ ಪಿನ್ ಯಾವ ತುದಿಗೆ ಸೇರುತ್ತದೆ ಅಂತ ಮೀಟರ್‌ನ ಬೀಪ್ ಹಾಕಿ ನೋಡಿ.

ಡಂಕನ್ ಬಣ್ಣದಲ್ಲಿ ಹೇಳುವುದಾದರೆ, ಬ್ರಿಡ್ಜ್‌ನ ಬಿಳಿ-ಕೆಂಪು ಗಂಟು ಮೊದಲ ಸಾಲಿನ ಮಧ್ಯದ ಪಿನ್‌ಗೆ. ಎಳೆದಾಗ ಸೇರುವ ತುದಿಯಿಂದ ಒಂದು ವೈರ್ ಗ್ರೌಂಡ್‌ಗೆ. ನೆಕ್‌ನ ಬಿಳಿ-ಕೆಂಪು ಗಂಟು ಎರಡನೇ ಸಾಲಿನ ಮಧ್ಯಕ್ಕೆ. ಅಲ್ಲಿ ಎಳೆದಾಗ ಸೇರುವ ತುದಿಯಿಂದ ಒಂದು ವೈರ್ ನೆಕ್‌ನ ಕಪ್ಪು ವೈರ್ ಸೇರಿರುವ ಜಾಗಕ್ಕೆ. ಉಳಿದ ಎರಡು ಪಿನ್ ಖಾಲಿ.

ನೆಕ್‌ನ ಆ ವೈರ್ ಸೆಲೆಕ್ಟರ್‌ನ ನೆಕ್ ಪಿನ್‌ಗೇ ಹೋಗಬೇಕು. ಹತ್ತಿರವಿದೆ ಅಂತ ವಾಲ್ಯೂಮ್ ಪಾಟ್‌ನ ಪಿನ್‌ಗೆ ಸೇರಿಸಿದರೆ, ನಾಬ್ ಎಳೆದು ಬ್ರಿಡ್ಜ್ ಮಾತ್ರ ಆರಿಸಿದಾಗಲೂ ನೆಕ್‌ನ ಒಂದು ಕಾಯಿಲ್ ಒಳನುಗ್ಗಿ ಮಾತಾಡುತ್ತಿರುತ್ತದೆ. ಸೆಲೆಕ್ಟರ್ ಕೆಟ್ಟಿದೆ ಅಂತ ಅದನ್ನು ಕಿತ್ತು ಹೊಸದು ಹಾಕಿದವರನ್ನು ನೋಡಿದ್ದೇನೆ.

ಸ್ಪ್ಲಿಟ್ ಮಾಡಿದಾಗ ಸದ್ದು ತೀರಾ ಕುಗ್ಗಿತು ಅನ್ನಿಸಿದರೆ, ಆ ಎರಡು ತುದಿಯಿಂದ ಹೊರಡುವ ವೈರ್‌ಗಳನ್ನು ಒಂದೊಂದಾಗಿ ಮಧ್ಯೆ ಕತ್ತರಿಸಿ, ಆ ಜಾಗದಲ್ಲಿ 2.2 ಕಿಲೋಓಮ್‌ನ ಒಂದೊಂದು ರೆಸಿಸ್ಟರ್ ಹಾಕಿ. ಮುಚ್ಚಿದ ಕಾಯಿಲ್ ಪೂರ್ತಿ ಸಾಯದೆ ಸ್ವಲ್ಪ ಉಳಿಯುತ್ತದೆ, ದನಿ ದಪ್ಪಗಾಗುತ್ತದೆ, ಒಂದೇ ಪಿಕಪ್ ಕೇಳುವಾಗಲೂ ಗುಂಯ್ ಒಂದಿಷ್ಟು ತಗ್ಗುತ್ತದೆ. ನನ್ನ ಪ್ರಕಾರ ಎಲ್ಲರೂ ಇದನ್ನೇ ಮಾಡಬೇಕು.

ಮನೆಯಲ್ಲಿ ಗುಂಯ್ ವಿಪರೀತ ಇರುವವರು ಸ್ಪ್ಲಿಟ್ ಬಿಟ್ಟು ಪ್ಯಾರಲಲ್ (ಎರಡೂ ಕಾಯಿಲ್ ಒಂದರ ಹಿಂದೆ ಒಂದಲ್ಲದೆ ಅಕ್ಕಪಕ್ಕ ಸೇರಿಸುವುದು) ಹಾಕಿಕೊಳ್ಳಿ. ಎರಡೂ ಕಾಯಿಲ್ ಕೆಲಸ ಮಾಡುತ್ತವೆ, ಗುಂಯ್ ಇಲ್ಲ, ದನಿ ಸಿಂಗಲ್ ಕಾಯಿಲ್ ಕಡೆಗೆ ವಾಲುತ್ತದೆ. ಪ್ರತಿ ಪಿಕಪ್‌ಗೆ ಒಂದೊಂದು ಪುಶ್-ಪುಲ್ ಬೇಕು. ಬಿಳಿ ಮತ್ತು ಕೆಂಪನ್ನು ಸೇರಿಸದೆ ಎರಡು ಮಧ್ಯದ ಪಿನ್‌ಗೆ ಬೇರೆ ಬೇರೆ ಹಾಕಿ. ನಾಬ್ ಒತ್ತಿದಾಗ ಸೇರುವ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ. ಎಳೆದಾಗ ಸೇರುವ ತುದಿಗಳಲ್ಲಿ ಬಿಳಿ ಕಡೆಯದು ಗ್ರೌಂಡ್‌ಗೆ, ಕೆಂಪು ಕಡೆಯದು ಕಪ್ಪು ವೈರ್ ಇರುವ ಹಾಟ್‌ಗೆ. ಸರಿಯಾಗಿದ್ದರೆ ಒತ್ತಿದಾಗ 8 ಕಿಲೋಓಮ್ ತೋರಿಸುವ ಪಿಕಪ್ ಎಳೆದಾಗ 2 ತೋರಿಸುತ್ತದೆ.

5. ಬೆಸುಗೆ

ಪಾಟ್‌ನ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ, ಮೊದಲು ಅಲ್ಲಿ ಲೆಡ್ ಹಚ್ಚಿ, ಆಮೇಲೆ ವೈರ್ ಕೂರಿಸಿ. ಗಂಟುಗಳಿಗೆ ಹೀಟ್ ಶ್ರಿಂಕ್ ಹಾಕಿ. ಇನ್ಸುಲೇಷನ್ ಟೇಪ್ ಸೆಕೆಗೆ ಅಂಟು ಬಿಡುತ್ತದೆ. ಬರಿ ತಂತಿ ಯಾವ ಪಿನ್‌ಗೂ ತಾಗದಂತೆ ನೋಡಿಕೊಳ್ಳಿ.

6. ಪರೀಕ್ಷೆ

ಮುಚ್ಚಳ ಹಾಕುವ ಮುಂಚೆ ಕೇಬಲ್ ಸಿಕ್ಕಿಸಿ ಅದರ ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. ವಾಲ್ಯೂಮ್ ಪೂರ್ತಿ ಇರಲಿ. ರೆಸಿಸ್ಟರ್ ಹಾಕದಿದ್ದರೆ ನಾಬ್ ಎಳೆದಾಗ ಒಂದೊಂದೇ ಪಿಕಪ್‌ನ ರೀಡಿಂಗ್ ಸುಮಾರು ಅರ್ಧಕ್ಕಿಳಿಯಬೇಕು. ಸೊನ್ನೆ ಬಂದರೆ ಹಾಟ್ ಎಲ್ಲೋ ಗ್ರೌಂಡ್‌ಗೆ ತಾಗಿದೆ.

ಆಮೇಲೆ ಆಂಪ್. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಗುಂಯ್ ಹೋಗಲಿ ಅಂತ ಆಂಪ್ ಪ್ಲಗ್‌ನ ಅರ್ತ್ ಪಿನ್ ಮುರಿಯುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಮಾಡಲೇಬೇಡಿ. ಗಿಟಾರ್‌ನ ತಂತಿ, ಕೇಬಲ್, ಆಂಪ್‌ನ ಲೋಹದ ಮೈ ಎಲ್ಲವೂ ಒಂದಕ್ಕೊಂದು ಸೇರಿವೆ. ಆಂಪ್ ಒಳಗೆ ಕರೆಂಟ್ ಮೈಗೆ ಹರಿದರೆ ಅದು ಹೋಗಲು ಅರ್ತ್ ಇಲ್ಲದಾಗ ನಿಮ್ಮ ಕೈಯೇ ದಾರಿ. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಮೊದಲು ಎಲೆಕ್ಟ್ರೀಷಿಯನ್‌ನನ್ನು ಕರೆಸಿ.

ಗೇನ್ ಸ್ವಲ್ಪ ಏರಿಸಿ, ನಾಬ್ ಎಳೆದು, ನೆಕ್ ಮಾತ್ರ, ಬ್ರಿಡ್ಜ್ ಮಾತ್ರ, ಎರಡೂ, ಹೀಗೆ ಸೆಲೆಕ್ಟರ್ ಆಡಿಸಿ ಕೇಳಿ. ಗಿಟಾರನ್ನು ಆಂಪ್ ಕಡೆಗೆ ತಿರುಗಿಸಿ ಹಿಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಒಂದೊಂದೇ ಇದ್ದಾಗ ಗುಂಯ್, ಎರಡೂ ಸೇರಿದಾಗ ಹೆಚ್ಚುಕಡಿಮೆ ಮೌನ. ಹೀಗಿದ್ದರೆ ಮುಚ್ಚಳ ಹಾಕಬಹುದು. ಎರಡೂ ಸೇರಿದಾಗ ದನಿ ತುಂಬಿದ್ದು ಗುಂಯ್ ಮಾತ್ರ ಜೋರಾದರೆ ಒಂದೇ ಧ್ರುವದ ಕಾಯಿಲ್‌ಗಳು ಉಳಿದಿವೆ, ಒಂದು ಪಿಕಪ್‌ನ ಸ್ವಿಚ್ ವೈರನ್ನು ಗ್ರೌಂಡ್‌ನಿಂದ ಹಾಟ್‌ಗೆ ಬದಲಾಯಿಸಿ. ಗುಂಯ್ ಅಲ್ಲದೆ ಜರ್ ಅನ್ನುವ ಸದ್ದು ಬಂದು, ತಂತಿ ಮುಟ್ಟಿದಾಗ ಅದು ತಗ್ಗಿದರೆ ಅದು ಕಾಯಿಲ್‌ನ ತಂಟೆಯಲ್ಲ. ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ದೀಪ, ಇನ್ವರ್ಟರ್‌ಗಳದ್ದು ಇಂಥ ಸದ್ದು. ಅದಕ್ಕೆ ಕುಳಿಯೊಳಗೆ ತಾಮ್ರದ ಟೇಪ್ ಅಂಟಿಸಿ, ಪಟ್ಟಿಯಿಂದ ಪಟ್ಟಿಗೆ ಬೆಸುಗೆ ಹಾಕಿ, ಗ್ರೌಂಡ್‌ಗೆ ಸೇರಿಸಬೇಕು.